ಮೂಗು ಸೋತಲ್ಲಿ ಸಂವೇದಕ: ಅನಿಲ ಪತ್ತೆಯ ತೆಳುಪದರಗಳು ಮತ್ತು ವಿದ್ಯುದ್ವಾಹಕ ಪಾಲಿಮರ್‌ಗಳು

ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿ ಹೈಡ್ರೋಜನ್ ಸಲ್ಫೈಡ್ ಇದೆಯೆಂದು ಪ್ರೌಢಶಾಲೆಯ ರಸಾಯನಶಾಸ್ತ್ರದ ಪಾಠ ಹೇಳುತ್ತದೆ. ಆ ಪಾಠ ಹೇಳದೆ ಬಿಡುವ ಸಂಗತಿಯೊಂದಿದೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಈ ಅನಿಲ ಸುಮಾರು 100 ಭಾಗದಷ್ಟಾದರೆ ಕೆಲವೇ ನಿಮಿಷಗಳಲ್ಲಿ ಮೂಗು ಮರಗಟ್ಟುತ್ತದೆ. ವಾಸನೆ ನಿಂತುಹೋದಂತೆ ಭಾಸವಾಗುತ್ತದೆ. 500 ಭಾಗ ದಾಟಿದರೆ ಮನುಷ್ಯ ತತ್ತರಿಸಿ ಕುಸಿಯುತ್ತಾನೆ. 1000 ಭಾಗ ದಾಟಿದಲ್ಲಿ ಕೆಲವೇ ಉಸಿರುಗಳಲ್ಲಿ ಪ್ರಜ್ಞೆ ತಪ್ಪಿ ಪ್ರಾಣವೇ ಹೋಗಬಹುದು. ಅಪಾಯ ಹೆಚ್ಚಿದಷ್ಟೂ ವಾಸನೆ ಹೆಚ್ಚುತ್ತದೆ ಎಂಬ ನಮ್ಮ ಎಣಿಕೆ ಇಲ್ಲಿ ತಲೆಕೆಳಗಾಗುತ್ತದೆ.

ಮ್ಯಾನ್‌ಹೋಲ್‌ಗೋ ಮಲಗುಂಡಿಗೋ ಇಳಿದವನು ಮೇಲೆ ಬಾರದಿದ್ದಾಗ, ಅವನನ್ನು ಎತ್ತಲೆಂದು ಇಳಿದ ಎರಡನೆಯವನೂ ಮೂರನೆಯವನೂ ಅಲ್ಲಿಯೇ ಉಳಿದ ವರದಿಗಳನ್ನು ಪತ್ರಿಕೆಗಳು ಪ್ರಕಟಿಸುತ್ತಲೇ ಬಂದಿವೆ. ಗುಂಡಿಯೊಳಗೆ ಆಮ್ಲಜನಕ ಕಡಿಮೆ, ವಿಷಾನಿಲ ಹೆಚ್ಚು. ಎರಡನ್ನೂ ತಿಳಿಸಲು ಮೂಗಿಗೆ ಸಾಧ್ಯವಿಲ್ಲ. ಇಂಗಾಲದ ಮೊನಾಕ್ಸೈಡ್‌ಗಂತೂ ವಾಸನೆಯೇ ಇಲ್ಲ. 1984ರ ಡಿಸೆಂಬರ್ 2-3ರ ರಾತ್ರಿ ಭೋಪಾಲದಲ್ಲಿ ಮಿಥೈಲ್ ಐಸೋಸಯನೇಟ್ ಸೋರಿದಾಗ ಕಾರ್ಖಾನೆಯ ಕೆಲಸಗಾರರಿಗೆ ಅದರ ಮೊದಲ ಸುಳಿವು ಕೊಟ್ಟದ್ದು ಉರಿದು ನೀರಾಡಿದ ಅವರ ಸ್ವಂತ ಕಣ್ಣುಗಳೇ.

ಮನುಷ್ಯನ ಇಂದ್ರಿಯಗಳಿಗೆ ವಹಿಸಲಾಗದ ಈ ಕಾವಲಿನ ಕೆಲಸವನ್ನು ವಸ್ತುಗಳಿಗೆ ಒಪ್ಪಿಸುವ ಪ್ರಯತ್ನವೇ ಅನಿಲ ಸಂವೇದಕಗಳ ವಿಜ್ಞಾನ. ಇದರಲ್ಲಿ ಎರಡು ಬಗೆಯ ವಸ್ತುಗಳು ವಿಶೇಷ ಗಮನ ಸೆಳೆದಿವೆ. ಒಂದು, ಲೋಹದ ಆಕ್ಸೈಡುಗಳ ತೆಳುಪದರ. ಇನ್ನೊಂದು, ವಿದ್ಯುತ್ತನ್ನು ಹರಿಯಗೊಡುವ ಪಾಲಿಮರ್. ಇವೆರಡೂ ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಎಡವುತ್ತವೆ ಎಂಬುದರ ಪರಿಚಯ ಇಲ್ಲಿದೆ.

ಸಂವೇದಕ ಎಂದರೇನು?

ಅನಿಲದ ಅಣುಗಳು ತಾಕಿದಾಗ ವಸ್ತುವಿನ ಯಾವುದಾದರೊಂದು ಗುಣ ಬದಲಾಗಬೇಕು. ಆ ಬದಲಾವಣೆ ಅಳತೆಗೆ ಸಿಗುವಂತಿರಬೇಕು. ಬದಲಾಗುವುದು ಬಣ್ಣವಿರಬಹುದು, ತೂಕವಿರಬಹುದು, ಉಷ್ಣತೆಯಿರಬಹುದು. ಇವೆಲ್ಲಕ್ಕಿಂತ ಸುಲಭವಾಗಿ ಅಳೆಯಬಹುದಾದದ್ದು ವಿದ್ಯುತ್ ರೋಧ. ಎರಡು ಲೋಹದ ಪಟ್ಟಿಗಳ ನಡುವೆ ಸಂವೇದಿ ವಸ್ತುವಿನ ಪದರವನ್ನು ಕೂರಿಸಿ, ಅದರ ಮೂಲಕ ಹರಿಯುವ ವಿದ್ಯುತ್ತನ್ನು ಗಮನಿಸುತ್ತಿದ್ದರೆ ಸಾಕು.

ಸಂವೇದಕದ ಯೋಗ್ಯತೆಯನ್ನು ನಿರ್ಧರಿಸುವ ಪ್ರಶ್ನೆಗಳು ನಾಲ್ಕು. ಎಷ್ಟು ಅಲ್ಪ ಪ್ರಮಾಣದ ಅನಿಲವನ್ನು ಅದು ಗುರುತಿಸುತ್ತದೆ? ಬೇಕಾದ ಅನಿಲವನ್ನು ಬೇರೆ ಅನಿಲಗಳಿಂದ ಪ್ರತ್ಯೇಕಿಸಬಲ್ಲದೆ? ಎಷ್ಟು ಬೇಗ ಸ್ಪಂದಿಸಿ, ಅನಿಲ ಹೋದ ಮೇಲೆ ಎಷ್ಟು ಬೇಗ ಮೊದಲಿನ ಸ್ಥಿತಿಗೆ ಮರಳುತ್ತದೆ? ಇಂದು ಹೇಳಿದ ಲೆಕ್ಕವನ್ನೇ ಆರು ತಿಂಗಳ ನಂತರವೂ ಹೇಳುತ್ತದೆಯೆ? ಮೊದಲನೆಯ ಪ್ರಶ್ನೆಗೆ ಉತ್ತರ ಕೊಟ್ಟ ವಸ್ತುಗಳು ನೂರಾರು. ಎರಡನೆಯದಕ್ಕೂ ನಾಲ್ಕನೆಯದಕ್ಕೂ ಒಟ್ಟಿಗೆ ಉತ್ತರ ಕೊಟ್ಟವು ಬಹಳ ಕಡಿಮೆ. ಈ ಕ್ಷೇತ್ರದ ಆರು ದಶಕಗಳ ಕಥೆಯನ್ನು ಇಷ್ಟರಲ್ಲೇ ಹೇಳಿ ಮುಗಿಸಬಹುದು.

ಜಪಾನಿನಲ್ಲಿ ಆರಂಭ

ಅರೆವಾಹಕದ ಮೇಲ್ಮೈ ಗುಣಗಳು ಸುತ್ತಲಿನ ಅನಿಲಕ್ಕೆ ತಕ್ಕಂತೆ ಬದಲಾಗುತ್ತವೆ ಎಂಬುದನ್ನು ಟ್ರಾನ್ಸಿಸ್ಟರ್ ಖ್ಯಾತಿಯ ಬ್ರಾಟನ್ ಮತ್ತು ಬಾರ್ಡೀನ್ ಅವರು ಜರ್ಮೇನಿಯಂ ಕುರಿತ 1953ರ ಪ್ರಬಂಧದಲ್ಲಿ ವಿವರಿಸಿದ್ದರು. ಅದನ್ನೇ ಅನಿಲ ಪತ್ತೆಯ ಉಪಾಯವಾಗಿ ಬಳಸಿ ತೋರಿಸಿದವರು ಜಪಾನಿನ ಕ್ಯುಶು ವಿಶ್ವವಿದ್ಯಾಲಯದ ಸೆಯಿಯಾಮಾ ಮತ್ತು ಸಂಗಡಿಗರು. ಸತುವಿನ ಆಕ್ಸೈಡಿನ ಕಾದ ತೆಳುಪದರದ ವಿದ್ಯುದ್ವಾಹಕತೆ ಗಾಳಿಯಲ್ಲಿರುವ ಅನಿಲಗಳಿಗೆ ಅನುಸಾರವಾಗಿ ಏರಿಳಿಯುತ್ತದೆ ಎಂದು ಅವರು 1962ರಲ್ಲಿ ಪ್ರಕಟಿಸಿದರು. ಅದೇ ವರ್ಷ ನವೊಯೊಶಿ ತಗುಚಿ ತವರದ ಆಕ್ಸೈಡಿನ ಸಂವೇದಕಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿದರು.

ತಗುಚಿಯವರ ಉದ್ದೇಶ ಸ್ಪಷ್ಟವಾಗಿತ್ತು. ಆ ದಿನಗಳಲ್ಲಿ ಜಪಾನಿನ ಅಡುಗೆಮನೆಗಳಿಗೆ ಸಿಲಿಂಡರ್ ಅನಿಲ ಬಂದಿತ್ತು. ಸೋರಿಕೆಯಿಂದ ಸ್ಫೋಟಗಳೂ ಸಂಭವಿಸುತ್ತಿದ್ದವು. ಮನೆಯಲ್ಲಿ ಇಡಬಹುದಾದ ಅಗ್ಗದ ಎಚ್ಚರಿಕೆ ಗಂಟೆಯೊಂದು ಅಗತ್ಯವಾಗಿತ್ತು. ಅವರ ಸಂವೇದಕ 1968ರಲ್ಲಿ ಮಾರುಕಟ್ಟೆಗೆ ಬಂತು. 1969ರಲ್ಲಿ ಫಿಗಾರೊ ಎಂಜಿನಿಯರಿಂಗ್ ಸಂಸ್ಥೆ ಹುಟ್ಟಿತು. ಮೊದಲು ಪ್ರಯೋಗಾಲಯದಲ್ಲಿ ಗೆದ್ದದ್ದು ತೆಳುಪದರವಾದರೂ ಮೊದಲು ಅಂಗಡಿ ಸೇರಿದ್ದು ಪುಡಿಯನ್ನು ಕಾಯಿಸಿ ಗಟ್ಟಿಗೊಳಿಸಿದ, ಸೂಕ್ಷ್ಮ ರಂಧ್ರಗಳಿರುವ ಪಿಂಗಾಣಿಯಂಥ ವಸ್ತು. ತೆಳುಪದರಕ್ಕೆ ಮತ್ತೆ ಬೆಲೆ ಬರಲು ಸಿಲಿಕಾನ್ ಚಿಪ್‌ಗಳ ಕಾಲ ಬರಬೇಕಾಯಿತು.

ತವರದ ಆಕ್ಸೈಡ್ ಉಸಿರಾಡುವ ಬಗೆ

ತವರದ ಆಕ್ಸೈಡ್ ಒಂದು ಅರೆವಾಹಕ. ಅದರಲ್ಲಿ ವಿದ್ಯುತ್ತನ್ನು ಹೊತ್ತೊಯ್ಯುವುದು ಎಲೆಕ್ಟ್ರಾನ್‌ಗಳು. ಇದನ್ನು 200ರಿಂದ 400 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಗಾಳಿಯ ಆಮ್ಲಜನಕ ಅದರ ಹರಳುಗಳ ಮೈಗೆ ಅಂಟಿಕೊಂಡು ಎಲೆಕ್ಟ್ರಾನ್‌ಗಳನ್ನು ಕಸಿದುಕೊಳ್ಳುತ್ತದೆ. ಪ್ರತಿಯೊಂದು ಹರಳಿನ ಹೊರಮೈಯಲ್ಲೂ ಎಲೆಕ್ಟ್ರಾನ್ ಬರಿದಾದ ಪೊರೆಯೊಂದು ಉಂಟಾಗುತ್ತದೆ. ಒಂದು ಹರಳಿನಿಂದ ಪಕ್ಕದ ಹರಳಿಗೆ ದಾಟುವ ವಿದ್ಯುತ್ತಿಗೆ ಈ ಪೊರೆ ಅಡ್ಡಗೋಡೆಯಾಗುತ್ತದೆ. ಆದ್ದರಿಂದ ಶುದ್ಧ ಗಾಳಿಯಲ್ಲಿ ರೋಧ ಹೆಚ್ಚು.

ಇಂಥಲ್ಲಿಗೆ ಎಲ್‌ಪಿಜಿ, ಮೀಥೇನ್, ಜಲಜನಕ ಅಥವಾ ಇಂಗಾಲದ ಮೊನಾಕ್ಸೈಡ್ ಬಂದರೆ ಅದು ಮೇಲ್ಮೈಯ ಆಮ್ಲಜನಕದೊಂದಿಗೆ ಕೂಡಿ ಅದನ್ನು ಅಲ್ಲಿಂದ ತೆಗೆದುಹಾಕುತ್ತದೆ. ಬಂಧಿತವಾಗಿದ್ದ ಎಲೆಕ್ಟ್ರಾನ್‌ಗಳು ಹರಳಿಗೆ ಮರಳುತ್ತವೆ, ಅಡ್ಡಗೋಡೆ ತಗ್ಗುತ್ತದೆ, ರೋಧ ಇಳಿಯುತ್ತದೆ. ನೈಟ್ರೋಜನ್ ಡೈಆಕ್ಸೈಡ್‌ನಂಥ ಉತ್ಕರ್ಷಕ ಅನಿಲ ಬಂದರೆ ಪರಿಣಾಮ ಇದಕ್ಕೆ ವಿರುದ್ಧ; ಅದೂ ಎಲೆಕ್ಟ್ರಾನ್ ಕಸಿಯುವುದರಿಂದ ರೋಧ ಇನ್ನಷ್ಟು ಏರುತ್ತದೆ.

ಹರಳು ಚಿಕ್ಕದಾದಷ್ಟೂ ಅದರಲ್ಲಿ ಹೊರಮೈಯ ಪಾಲು ಹೆಚ್ಚು. ತವರದ ಆಕ್ಸೈಡಿನ ಹರಳಿನ ಗಾತ್ರ ಸುಮಾರು 6 ನ್ಯಾನೊಮೀಟರ್‌ಗಿಂತ ಕೆಳಗಿಳಿದಾಗ ಇಡೀ ಹರಳೇ ಬರಿದಾದ ಪೊರೆಯಂತೆ ವರ್ತಿಸಿ ಸಂವೇದನೆ ಥಟ್ಟನೆ ಏರುತ್ತದೆ ಎಂದು ಕ್ಯುಶು ವಿಶ್ವವಿದ್ಯಾಲಯದ ಯಮಝೋಯೆ ಅವರ ತಂಡ 1991ರಲ್ಲಿ ತೋರಿಸಿತು. ಮುಂದೆ ಈ ಕ್ಷೇತ್ರದಲ್ಲಿ ಹಬ್ಬಿದ ನ್ಯಾನೊ ಕಣ, ನ್ಯಾನೊ ತಂತಿ, ನ್ಯಾನೊ ನಳಿಕೆಗಳ ಸಂಶೋಧನೆಗೆ ಈ ಫಲಿತಾಂಶ ದೊಡ್ಡ ಪ್ರೇರಣೆಯಾಯಿತು.

ಪದರ ಕೂರಿಸುವ ವಿಧಾನಗಳು

ತೆಳುಪದರವೆಂದರೆ ಸಾಮಾನ್ಯವಾಗಿ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ ದಪ್ಪದ್ದು. ಇದನ್ನು ಕೂರಿಸಲು ಹಲವು ದಾರಿಗಳಿವೆ. ನಿರ್ವಾತದಲ್ಲಿ ಲೋಹವನ್ನು ಆವಿಯಾಗಿಸಿ ಅನಂತರ ಆಕ್ಸೈಡಾಗಿ ಮಾರ್ಪಡಿಸುವುದು ಒಂದು. ಅಯಾನುಗಳಿಂದ ಹೊಡೆದು ಪರಮಾಣುಗಳನ್ನು ಎಬ್ಬಿಸಿ ಪದರಗಟ್ಟಿಸುವ ಸ್ಪಟರಿಂಗ್ ಇನ್ನೊಂದು. ದ್ರಾವಣವನ್ನು ವೇಗವಾಗಿ ತಿರುಗುವ ತಟ್ಟೆಯ ಮೇಲೆ ಹನಿಸಿ ಹರಡುವುದು ಮತ್ತೊಂದು. ತವರದ ಕ್ಲೋರೈಡಿನ ದ್ರಾವಣವನ್ನು ಕಾದ ಗಾಜಿನ ಮೇಲೆ ತುಂತುರಾಗಿ ಸಿಂಪಡಿಸುವ ಸ್ಪ್ರೇ ಪೈರಾಲಿಸಿಸ್ ವಿಧಾನಕ್ಕೆ ನಿರ್ವಾತ ಯಂತ್ರವೂ ಬೇಡ; ನಮ್ಮ ಅನೇಕ ವಿಶ್ವವಿದ್ಯಾಲಯಗಳ ಭೌತವಿಜ್ಞಾನ ವಿಭಾಗಗಳಲ್ಲಿ ಇದು ಬಳಕೆಯಲ್ಲಿದೆ.

ತೆಳುಪದರದ ಮುಖ್ಯ ಲಾಭ ವಿದ್ಯುತ್ತಿನ ಉಳಿತಾಯ. ಹಳೆಯ ಬಗೆಯ ಸಂವೇದಕವನ್ನು ಬಿಸಿಯಾಗಿ ಇಡಲು ನೂರಾರು ಮಿಲಿವಾಟ್ ಬೇಕಾಗುತ್ತಿತ್ತು. ಸಿಲಿಕಾನ್ ಚಿಪ್ಪಿನ ಮೇಲೆ ಕೆತ್ತಿದ ಸೂಕ್ಷ್ಮ ಬಿಸಿತಟ್ಟೆಯ ಮೇಲೆ ತೆಳುಪದರ ಕೂರಿಸಿದರೆ ಕೆಲವು ಹತ್ತು ಮಿಲಿವಾಟ್ ಸಾಕಾಗುತ್ತದೆ. ಬ್ಯಾಟರಿಯಿಂದ ನಡೆಯುವ, ಅಂಗಿಯ ಜೇಬಿನಲ್ಲಿ ಹಿಡಿಸುವ ಉಪಕರಣ ಸಾಧ್ಯವಾಗುವುದು ಇಂಥ ಕಡೆ.

ವಿದ್ಯುತ್ ಹರಿಸುವ ಪ್ಲಾಸ್ಟಿಕ್

ಪ್ಲಾಸ್ಟಿಕ್ ಎಂದರೆ ವಿದ್ಯುತ್ ನಿರೋಧಕ ಎಂಬುದು ಬಹುಕಾಲದ ನಂಬಿಕೆ. ಅದನ್ನು ಅಲುಗಿಸಿದ್ದು 1977ರಲ್ಲಿ ಪ್ರಕಟವಾದ ಸಂಶೋಧನೆ. ಹಿದೆಕಿ ಶಿರಕಾವಾ, ಅಲನ್ ಮ್ಯಾಕ್‌ಡಿಯಾರ್ಮಿಡ್ ಮತ್ತು ಅಲನ್ ಹೀಗರ್ ಅವರು ಪಾಲಿಅಸೆಟಿಲೀನ್ ಹಾಳೆಗೆ ಅಯೋಡಿನ್ ಸೋಕಿಸಿ ಅದರ ವಾಹಕತೆಯನ್ನು ಲಕ್ಷಾಂತರ ಪಟ್ಟು ಏರಿಸಿ ತೋರಿಸಿದರು. ಮೂವರಿಗೂ 2000ದ ರಸಾಯನಶಾಸ್ತ್ರ ನೊಬೆಲ್ ಸಂದಿತು. ಆ ಸಂಶೋಧನೆಗೆ ಮೂಲವಾದ ಹೊಳೆಯುವ ಹಾಳೆ 1967ರಲ್ಲಿ ಶಿರಕಾವಾ ಅವರ ಪ್ರಯೋಗಾಲಯದಲ್ಲಿ ವೇಗವರ್ಧಕವನ್ನು ಬೇಕಾದದ್ದಕ್ಕಿಂತ ಸಾವಿರ ಪಟ್ಟು ಹೆಚ್ಚು ಹಾಕಿದ ತಪ್ಪಿನಿಂದ ಹುಟ್ಟಿತ್ತು.

ಅಯೋಡಿನ್ ಆವಿ ತಾಕಿ ವಾಹಕತೆ ಬದಲಾಗುವುದಾದರೆ ಬೇರೆ ಅನಿಲಗಳಿಂದಲೂ ಬದಲಾಗಬಹುದಲ್ಲವೆ ಎಂಬ ಯೋಚನೆ ಸಹಜವಾಗಿ ಬಂತು. ಪಾಲಿಅಸೆಟಿಲೀನ್ ಗಾಳಿಗೆ ಬೇಗ ಕೆಡುತ್ತದೆ. ಅದಕ್ಕಿಂತ ಬಾಳಿಕೆಯ ಪಾಲಿಪಿರೋಲ್, ಪಾಲಿಅನಿಲೀನ್, ಪಾಲಿಥಯೋಫೀನ್‌ಗಳತ್ತ ಸಂಶೋಧಕರು ಹೊರಳಿದರು. ಸ್ವೀಡನ್ನಿನಲ್ಲಿ ಲುಂಡ್‌ಸ್ಟ್ರೋಮ್ ಮತ್ತು ಸಂಗಡಿಗರು ಸೋಸುಕಾಗದದಲ್ಲಿ ಪಾಲಿಪಿರೋಲ್ ಇಳಿಸಿ ಅದು ಅಮೋನಿಯಾಕ್ಕೆ ಸ್ಪಂದಿಸುವುದನ್ನು 1983ರಲ್ಲಿ ವರದಿ ಮಾಡಿದರು. ಪಾಲಿಮರ್‌ಗಳ ದೊಡ್ಡ ಆಕರ್ಷಣೆಯೆಂದರೆ ಕಾಯಿಸುವ ಅಗತ್ಯವೇ ಇಲ್ಲದಿರುವುದು. ಕೋಣೆಯ ಉಷ್ಣತೆಯಲ್ಲೇ ಅವು ಕೆಲಸ ಮಾಡುತ್ತವೆ. ಕಾಗದ, ಬಟ್ಟೆ, ಬಳುಕುವ ಹಾಳೆ ಯಾವುದರ ಮೇಲೂ ಕೂರುತ್ತವೆ. ಶಾಯಿಯಂತೆ ಮುದ್ರಿಸಲೂ ಬರುತ್ತದೆ.

ಹಸಿರು ನೀಲಿಯಾದಾಗ

ಪಾಲಿಅನಿಲೀನ್ ಈ ಗುಂಪಿನಲ್ಲಿ ಹೆಚ್ಚು ಅಧ್ಯಯನಕ್ಕೆ ಒಳಗಾದುದು. ಅನಿಲೀನ್ ಎಂಬ ಹೆಸರಿಗೂ ನಮ್ಮ ಅನಿಲ ಎಂಬ ಪದಕ್ಕೂ ಸಂಬಂಧವಿಲ್ಲ. ನೀಲಿ ಗಿಡದ ಬಣ್ಣದಿಂದ ಈ ದ್ರವವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಬೇರ್ಪಡಿಸಿದಾಗ ಯೂರೋಪಿನಲ್ಲಿ ಆ ಬಣ್ಣಕ್ಕಿದ್ದ ಅನಿಲ್ ಎಂಬ ಹೆಸರೇ ಇದಕ್ಕೂ ಬಂತು. ಆ ಅನಿಲ್ ಪದದ ಮೂಲ ಅರಬ್ಬಿಯ ಮೂಲಕ ಹೋದ ಸಂಸ್ಕೃತದ ನೀಲ.

ಆಮ್ಲ ಸೇರಿದ ಪಾಲಿಅನಿಲೀನ್ ಹಸಿರು. ಅದು ವಿದ್ಯುತ್ ಹರಿಸುತ್ತದೆ. ಅಮೋನಿಯಾ ಬಂದಾಗ ಅದು ಪಾಲಿಮರ್‌ನಿಂದ ಪ್ರೋಟಾನನ್ನು ಕಿತ್ತುಕೊಳ್ಳುತ್ತದೆ. ಹಸಿರು ನೀಲಿಗೆ ತಿರುಗುತ್ತದೆ, ರೋಧ ಏರುತ್ತದೆ. ಶುದ್ಧ ಗಾಳಿ ಹಾಯಿಸಿದರೆ ಅಮೋನಿಯಾ ಬಿಟ್ಟುಹೋಗಿ ವಸ್ತು ಮೊದಲಿನಂತಾಗುತ್ತದೆ. ಮಂಜುಗಡ್ಡೆ ಕಾರ್ಖಾನೆ, ಶೈತ್ಯಾಗಾರ, ಗೊಬ್ಬರದ ಕಾರ್ಖಾನೆಗಳಲ್ಲಿ ಅಮೋನಿಯಾ ಸೋರಿಕೆಯ ಭಯವಿರುವುದರಿಂದ ಈ ಗುಣಕ್ಕೆ ಬೆಲೆಯಿದೆ.

ಆದರೆ ಆರಂಭದಲ್ಲಿ ಹೇಳಿದ ಹೈಡ್ರೋಜನ್ ಸಲ್ಫೈಡ್ ವಿಷಯದಲ್ಲಿ ಬರಿಯ ಪಾಲಿಅನಿಲೀನ್ ಅಷ್ಟಾಗಿ ಮಾತಾಡದು. ಆ ಅನಿಲ ದುರ್ಬಲ ಆಮ್ಲ. ಪಾಲಿಮರ್‌ನ ಸ್ಥಿತಿ ಬದಲಿಸುವಷ್ಟು ಶಕ್ತಿ ಅದಕ್ಕಿಲ್ಲ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿಚರ್ಡ್ ಕೇನರ್ ಮತ್ತು ಸಂಗಡಿಗರು 2005ರಲ್ಲಿ ಇದಕ್ಕೊಂದು ಉಪಾಯ ಪ್ರಕಟಿಸಿದರು. ಪಾಲಿಅನಿಲೀನಿನ ನ್ಯಾನೊ ಎಳೆಗಳೊಂದಿಗೆ ತಾಮ್ರದ ಕ್ಲೋರೈಡ್‌ನಂಥ ಲೋಹಲವಣ ಬೆರೆಸಿದರೆ, ಹೈಡ್ರೋಜನ್ ಸಲ್ಫೈಡ್ ತಾಮ್ರದೊಂದಿಗೆ ಕೂಡಿ ತಾಮ್ರದ ಸಲ್ಫೈಡ್ ಆಗುತ್ತದೆ, ಜೊತೆಗೆ ಹೈಡ್ರೋಕ್ಲೋರಿಕ್ ಆಮ್ಲ ಹೊರಬರುತ್ತದೆ. ಆ ಪ್ರಬಲ ಆಮ್ಲ ಪಾಲಿಮರ್ ಅನ್ನು ವಾಹಕವಾಗಿಸುತ್ತದೆ.

ತೆಳುಪದರದವರೂ ಇದೇ ತಾಮ್ರದ ಮೊರೆಹೋದದ್ದು ಗಮನಾರ್ಹ. ತವರದ ಆಕ್ಸೈಡಿಗೆ ತಾಮ್ರದ ಆಕ್ಸೈಡ್ ಸೇರಿಸಿದರೆ ಎರಡೂ ಕೂಡುವಲ್ಲಿ ರೋಧ ಬಹಳ ಹೆಚ್ಚಿರುತ್ತದೆ. ಹೈಡ್ರೋಜನ್ ಸಲ್ಫೈಡ್ ತಾಕಿದೊಡನೆ ತಾಮ್ರದ ಆಕ್ಸೈಡ್ ಲೋಹದಂತೆ ವಿದ್ಯುತ್ ಹರಿಸುವ ಸಲ್ಫೈಡ್ ಆಗಿ ಮಾರ್ಪಟ್ಟು ರೋಧ ಕುಸಿದುಬೀಳುತ್ತದೆ. ಅನಿಲ ಹೋದ ಮೇಲೆ ಬಿಸಿಯಲ್ಲಿ ಗಾಳಿ ತಾಕಿ ಮತ್ತೆ ಆಕ್ಸೈಡ್ ಆಗುತ್ತದೆ. ಗಂಧಕದ ಮೇಲೆ ತಾಮ್ರಕ್ಕಿರುವ ಒಲವನ್ನೇ ಆಯ್ಕೆಯ ಶಕ್ತಿಯಾಗಿ ಎರಡೂ ಪಂಗಡ ಬಳಸಿಕೊಂಡಿವೆ.

ಎಡವುವುದು ಎಲ್ಲಿ?

ಪ್ರಯೋಗಾಲಯದ ಗಾಜಿನ ಗೂಡಿನಲ್ಲಿ ಒಂದೇ ಅನಿಲ, ಒಂದೇ ಉಷ್ಣತೆ, ಒಣ ಗಾಳಿ ಇರುತ್ತದೆ. ಬೀದಿಯ ಗಾಳಿ ಹಾಗಿರುವುದಿಲ್ಲ.

ಮೊದಲ ತೊಡಕು ತೇವಾಂಶ. ನೀರಿನ ಆವಿ ತವರದ ಆಕ್ಸೈಡಿನ ಮೇಲ್ಮೈಯಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಪಾಲಿಮರ್ ಒಳಗೆ ಸೇರಿ ಅದನ್ನು ಉಬ್ಬಿಸುತ್ತದೆ, ವಾಹಕತೆಯನ್ನೂ ಬದಲಿಸುತ್ತದೆ. ಬೇಸಿಗೆಯ ರಾಯಚೂರಿನಲ್ಲಿ ಸರಿಯಾಗಿ ತೋರಿಸುವ ಉಪಕರಣ ಮಳೆಗಾಲದ ಮಂಗಳೂರಿನಲ್ಲಿ ಅದೇ ಲೆಕ್ಕ ಕೊಡುತ್ತದೆಂಬ ಭರವಸೆಯಿಲ್ಲ. ಒಳಚರಂಡಿಯೊಳಗಂತೂ ತೇವ ವರ್ಷವಿಡೀ ಇರುತ್ತದೆ.

ಎರಡನೆಯದು ಗೊಂದಲ. ತವರದ ಆಕ್ಸೈಡಿಗೆ ಅಡುಗೆ ಅನಿಲವೂ ಒಂದೇ, ಬಣ್ಣ ತೆಳುವಾಗಿಸುವ ಥಿನ್ನರ್ ಆವಿಯೂ ಒಂದೇ, ಮದ್ಯಸಾರವೂ ಒಂದೇ. ಪಲ್ಲೇಡಿಯಂ, ಪ್ಲಾಟಿನಂ ಬೆರೆಸಿ, ಉಷ್ಣತೆ ಬದಲಿಸಿ ಒಲವನ್ನು ತುಸು ತಿರುಗಿಸಬಹುದು. ಪೂರ್ತಿ ಪ್ರತ್ಯೇಕಿಸುವುದು ಕಷ್ಟ.

ಮೂರನೆಯದು ವಯಸ್ಸು. ನ್ಯಾನೊ ಹರಳುಗಳು ಬಿಸಿಯಲ್ಲಿ ನಿಧಾನವಾಗಿ ಒಂದಕ್ಕೊಂದು ಕೂಡಿ ದೊಡ್ಡವಾಗುತ್ತವೆ. ಪಾಲಿಮರ್‌ಗಳು ಬೆಳಕು ಮತ್ತು ಆಮ್ಲಜನಕಕ್ಕೆ ಸಿಕ್ಕಿ ಸವೆಯುತ್ತವೆ. ಪಾಲಿಶ್, ಸೀಲಂಟ್‌ಗಳಿಂದ ಬರುವ ಸಿಲಿಕೋನ್ ಆವಿ ಆಕ್ಸೈಡ್ ಸಂವೇದಕದ ಮೇಲ್ಮೈಯನ್ನೇ ಮುಚ್ಚಿಹಾಕಬಲ್ಲದು. ಹೀಗೆ ಕೆಟ್ಟ ಸಂವೇದಕ ಕೂಗಿ ಹೇಳುವುದಿಲ್ಲ, ಅದು ಸುಮ್ಮನಿರುತ್ತದೆ. ಸುಮ್ಮನಿರುವ ಉಪಕರಣವನ್ನು ನೋಡಿದವನು ಅನಿಲವಿಲ್ಲವೆಂದು ತಿಳಿಯುತ್ತಾನೆ. ಮರಗಟ್ಟಿದ ಮೂಗಿಗೂ ಇದಕ್ಕೂ ಆಗ ವ್ಯತ್ಯಾಸವೇ ಉಳಿಯದು.

ಒಂದಲ್ಲ, ಹಲವು

ಒಂದೇ ಸಂವೇದಕವನ್ನು ಪರಿಪೂರ್ಣಗೊಳಿಸುವ ಬದಲು ಹಲವು ಅಪರಿಪೂರ್ಣ ಸಂವೇದಕಗಳನ್ನು ಜೋಡಿಸುವುದು ಇನ್ನೊಂದು ಮಾರ್ಗ. ಬ್ರಿಟನ್ನಿನ ವಾರಿಕ್ ವಿಶ್ವವಿದ್ಯಾಲಯದ ಕೃಷ್ಣ ಪರ್ಸಾದ್ ಮತ್ತು ಜಾರ್ಜ್ ಡಾಡ್ 1982ರಲ್ಲಿ ಇದನ್ನು ತೋರಿಸಿದರು. ಪ್ರತಿಯೊಂದು ಸಂವೇದಕವೂ ಹಲವು ಅನಿಲಗಳಿಗೆ ಸ್ಪಂದಿಸಿದರೂ ಸ್ಪಂದನದ ಪ್ರಮಾಣ ಬೇರೆ ಬೇರೆ. ಒಟ್ಟು ವಿನ್ಯಾಸವನ್ನು ಗಣಕ ಓದಿ ಅನಿಲವನ್ನು ಗುರುತಿಸುತ್ತದೆ. ವಿದ್ಯುನ್ಮಾನ ಮೂಗು ಎಂದು ಇದಕ್ಕೆ ಹೆಸರಾಯಿತು. ಕೊಲ್ಕತ್ತದ ಸಿ-ಡ್ಯಾಕ್ ಕೇಂದ್ರ ಚಹಾದ ಗುಣಮಟ್ಟ ಅಳೆಯಲು ಇಂಥ ಉಪಕರಣವನ್ನು ರೂಪಿಸಿದೆ. ಆದರೆ ಒಂದೊಂದು ಸಂವೇದಕವೂ ತನ್ನದೇ ವೇಗದಲ್ಲಿ ಮುದಿಯಾಗುವುದರಿಂದ ಗಣಕ ಕಲಿತ ವಿನ್ಯಾಸವನ್ನು ಮತ್ತೆ ಮತ್ತೆ ತಿದ್ದಬೇಕಾಗುತ್ತದೆ.

ನಮ್ಮಲ್ಲಿ ನಡೆದ ಕೆಲಸ

ಭಾರಜಲ ಘಟಕಗಳು ಭಾರತದಲ್ಲಿ ಈ ಸಂಶೋಧನೆಗೆ ಒಂದು ಕಾರಣ ಒದಗಿಸಿದವು. ತೆಲಂಗಾಣದ ಮಣುಗೂರು ಮತ್ತು ರಾಜಸ್ಥಾನದ ಕೋಟಾ ಘಟಕಗಳ ತಯಾರಿಕಾ ವಿಧಾನದಲ್ಲಿ ಹೈಡ್ರೋಜನ್ ಸಲ್ಫೈಡ್ ದೊಡ್ಡ ಪ್ರಮಾಣದಲ್ಲಿ ಬಳಕೆಯಾಗುತ್ತದೆ. ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಈ ಅನಿಲಕ್ಕಾಗಿ ತವರದ ಆಕ್ಸೈಡ್ ತೆಳುಪದರಗಳನ್ನೂ ತಾಮ್ರದ ಆಕ್ಸೈಡ್ ಬೆರೆಸಿದ ರೂಪಗಳನ್ನೂ ಅಭ್ಯಸಿಸಿದ್ದಾರೆ.

ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ 2000ದ ದಶಕದಲ್ಲಿ ಆಕ್ಸೈಡುಗಳ ನ್ಯಾನೊ ರಚನೆಗಳಿಂದ ಜಲಜನಕವೇ ಮೊದಲಾದ ಅನಿಲಗಳನ್ನು ಗುರುತಿಸುವ ಕುರಿತು ಪ್ರಬಂಧಗಳನ್ನು ಪ್ರಕಟಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದ ನವಕಾಂತ ಭಟ್ ಅವರಿಗೆ 2018ರ ಇನ್ಫೋಸಿಸ್ ಪ್ರಶಸ್ತಿ ದೊರೆತದ್ದು ಜೈವಿಕ ಸಂವೇದಕಗಳ ಜೊತೆಗೆ ಲೋಹದ ಆಕ್ಸೈಡಿನ ಅನಿಲ ಸಂವೇದಕಗಳ ಕೆಲಸಕ್ಕಾಗಿಯೂ ಹೌದು.

ಬಳಸುವವರು ತಿಳಿದಿರಬೇಕಾದುದು

ಅಡುಗೆಮನೆಯ ಎಚ್ಚರಿಕೆ ಗಂಟೆಗಳಲ್ಲಿ ಬಹುಪಾಲು ಬಳಕೆಯಲ್ಲಿರುವುದು ತವರದ ಆಕ್ಸೈಡ್. ಎಲ್‌ಪಿಜಿ ಗಾಳಿಗಿಂತ ಭಾರ. ನೆಲದ ಮಟ್ಟದಲ್ಲಿ ಹರಡುತ್ತದೆ. ಆದ್ದರಿಂದ ಗಂಟೆಯನ್ನು ನೆಲದ ಸಮೀಪ ಅಳವಡಿಸಬೇಕು. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಮುಖ್ಯವಾಗಿ ಮೀಥೇನ್, ಅದು ಹಗುರ. ಅಂಥ ಮನೆಗಳಲ್ಲಿ ಗಂಟೆ ಚಾವಣಿಯ ಬಳಿ ಇರಬೇಕು. ಗಾಳಿಯಲ್ಲಿ ಎಲ್‌ಪಿಜಿ ಶೇ. 2ರ ಆಸುಪಾಸು ತಲುಪಿದರೆ ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲದು. ಗಂಟೆ ಅದಕ್ಕಿಂತ ಬಹಳ ಮೊದಲೇ ಬಾರಿಸುವಂತಿರಬೇಕು. ಬಾರಿಸಿದಾಗ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು ಹೊರಗೆ ಬರಬೇಕು. ಎಲ್‌ಪಿಜಿ ಸೋರಿಕೆಯ ತುರ್ತು ದೂರವಾಣಿ ಸಂಖ್ಯೆ 1906.

ಗುಂಡಿ, ತೊಟ್ಟಿಗಳ ಬಾಯಲ್ಲಿ ಬಳಸುವ ಕೈ ಉಪಕರಣ ಆಮ್ಲಜನಕ, ಹೈಡ್ರೋಜನ್ ಸಲ್ಫೈಡ್, ಇಂಗಾಲದ ಮೊನಾಕ್ಸೈಡ್ ಮತ್ತು ದಹ್ಯ ಅನಿಲ ಎಂಬ ನಾಲ್ಕನ್ನು ಅಳೆಯುತ್ತದೆ. ಇವುಗಳಲ್ಲಿ ವಿಷಾನಿಲಕ್ಕೆ ಸಾಮಾನ್ಯವಾಗಿ ಇರುವುದು ತೆಳುಪದರವೂ ಅಲ್ಲ, ಪಾಲಿಮರೂ ಅಲ್ಲ. ದ್ರಾವಣ ತುಂಬಿದ ಚಿಕ್ಕ ವಿದ್ಯುದ್ರಾಸಾಯನಿಕ ಕೋಶ. ಅದರ ಆಯ್ಕೆಯ ಶಕ್ತಿ ಉತ್ತಮ, ಆದರೆ ಬೆಲೆ ಹೆಚ್ಚು, ಕೆಲವು ವರ್ಷಗಳಿಗೊಮ್ಮೆ ಕೋಶವನ್ನೇ ಬದಲಿಸಬೇಕು. ಉಪಕರಣವನ್ನು ಹಗ್ಗದಲ್ಲಿ ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ ಅಳತೆ ನೋಡಬೇಕು. ಬಳಸುವ ಮುನ್ನ ಪ್ರಮಾಣ ಗೊತ್ತಿರುವ ಅನಿಲವನ್ನು ಒಮ್ಮೆ ಸೋಕಿಸಿ ಅದು ಕೂಗುತ್ತದೆಯೇ ಎಂದು ಪರೀಕ್ಷಿಸುವುದು ಕಡ್ಡಾಯವೆಂದೇ ತಿಳಿಯಬೇಕು.

ರಕ್ಷಣಾ ಸಾಧನಗಳಿಲ್ಲದೆ ಯಾರನ್ನೂ ಒಳಚರಂಡಿಗೆ, ಮಲಗುಂಡಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಇಂಥ ಸಾವುಗಳಿಗೆ 10 ಲಕ್ಷ ರೂಪಾಯಿ ಪರಿಹಾರವನ್ನು 2014ರಲ್ಲಿ ನಿಗದಿಪಡಿಸಿದ್ದ ಸುಪ್ರೀಂ ಕೋರ್ಟ್, 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಗುಂಡಿಗೆ ಮನುಷ್ಯ ಇಳಿಯದೆ ಯಂತ್ರವೇ ಇಳಿಯುವುದು ಇದಕ್ಕೆ ಸರಿಯಾದ ಪರಿಹಾರ. ಆ ದಿನ ಬರುವವರೆಗೆ ಅಗ್ಗದ, ಕಾಯಿಸಬೇಕಿಲ್ಲದ, ತೇವಕ್ಕೆ ಹೆದರದ, ಕೆಟ್ಟಾಗ ತಾನು ಕೆಟ್ಟಿದ್ದೇನೆಂದು ತಾನೇ ಹೇಳುವ ಸಂವೇದಕವೊಂದು ಪ್ರತಿ ಕಾರ್ಮಿಕನ ಅಂಗಿಯ ಮೇಲೆ ಇರಬೇಕಾದದ್ದು ಅವಶ್ಯ. ಹತ್ತು ಲಕ್ಷದಲ್ಲಿ ಒಂದು ಭಾಗವನ್ನು ಗುರುತಿಸುವ ವಸ್ತುಗಳು ಈಗಾಗಲೇ ನಮ್ಮ ಪ್ರಯೋಗಾಲಯಗಳಲ್ಲಿವೆ. ಅವುಗಳನ್ನು ಮಳೆಗಾಲದ ಚರಂಡಿಯಲ್ಲಿ ಒಂದು ವರ್ಷ ನಂಬಿಕೆಯಿಂದ ದುಡಿಸುವುದು ಮುಂದಿರುವ ಕೆಲಸ.